ಸ್ಪ್ರಿಂಗಿಲ್ಲದ ಫೋರ್ಕು

ನಾನು ಹೊಲ ಅಳೆಯುವ ನೌಕರ. ಕುಷ್ಟಗಿ ತಾಲ್ಲೂಕಿನಲ್ಲಿ ಒಬ್ಬರ ಬದು ಎಲ್ಲಿ ಮುಗಿದು ಇನ್ನೊಬ್ಬರದ್ದು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದಕ್ಕೆ ಸರ್ಕಾರ ನನ್ನನ್ನು ಇಟ್ಟುಕೊಂಡಿದೆ. ನಾನು ಹೇಳಿದ್ದನ್ನು ಎರಡು ಕಡೆಯವರಲ್ಲಿ ಒಂದು ಕಡೆಯವರಂತೂ ಒಪ್ಪುವುದಿಲ್ಲ. ಹಾಗಾಗಿ ಯಾವ ಊರಿಗೆ ಹೋದರೂ ಅರ್ಧ ಊರು ನನಗೆ ಚಹಾ ಕುಡಿಸುತ್ತದೆ, ಉಳಿದರ್ಧ ಮುಖ ತಿರುಗಿಸುತ್ತದೆ. ನಲವತ್ತೈದು ದಾಟಿದ ಮೇಲೆ ಒಮ್ಮೆ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಶುಗರ್ ಗಡಿಯ ಮೇಲೆ ಬಂದು ನಿಂತಿದೆ, ಆಚೆ ಹೋಗದಂತೆ ನೋಡಿಕೊಳ್ಳಿ ಎಂದರು. ಗಡಿಯ ವಿಷಯವನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ವಾರ, ವರ್ಗವಾಗಿ ಊರು ಬಿಡುತ್ತಿದ್ದ ಅಧಿಕಾರಿಯೊಬ್ಬರಿಂದ ಅವರ ಮೌಂಟೇನ್ ಬೈಕು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದೆ.

ಸೈಕಲ್ಲು ಗಟ್ಟಿಮುಟ್ಟಾಗಿತ್ತು. ದಪ್ಪ ಟೈರು, ಅಗಲ ಹ್ಯಾಂಡಲು, ನನ್ನಂಥ ಉದ್ದನೆಯವನಿಗೂ ಎತ್ತರ ಎನಿಸುವ ಅಲ್ಯುಮಿನಿಯಂ ಫ್ರೇಮು. ಕೆಟ್ಟಿದ್ದು ಒಂದೇ, ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದುಕೊಂಡಿರುವ ಕವಲು, ಅಂದರೆ ಫೋರ್ಕು. ಗುಂಡಿಗಳ ಏಟು ಕೈಗೆ ತಾಗದಿರಲಿ ಎಂದು ಅದರ ಒಳಗೆ ಸ್ಪ್ರಿಂಗು, ಎಣ್ಣೆ ಎಲ್ಲ ಇಟ್ಟಿರುತ್ತಾರೆ. ನನ್ನದರ ಎಣ್ಣೆ ಯಾವ ಕಾಲಕ್ಕೋ ಸೋರಿಹೋಗಿ, ಸ್ಪ್ರಿಂಗು ಸತ್ತಿತ್ತು. ಬ್ರೇಕು ಹಿಡಿದರೆ ಸಾಕು, ಸೈಕಲ್ಲಿನ ಮೂತಿ ಮೆಲ್ಲಗೆ ಕೆಳಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ತಂಗಿ, ಮತ್ತೆ ಮೆಲ್ಲಗೆ ಮೇಲೆ ಬರುತ್ತಿತ್ತು. ಅದರ ಜೊತೆ ನಾನೂ ಬಾಗಿ ಏಳುತ್ತಿದ್ದೆ.

ಇದನ್ನು ಜನ ನಮಸ್ಕಾರ ಎಂದು ತಿಳಿದರು. ತಾವರಗೇರಾದ ಸಂತೆಯ ದಾರಿಯಲ್ಲಿ ಎತ್ತೊಂದು ಅಡ್ಡ ಬಂತೆಂದು ನಾನು ನಿಂತರೆ, ಕಿರಾಣಿ ಅಂಗಡಿಯ ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ನಿಂತು ಎರಡೂ ಕೈ ಮುಗಿದರು. ಸರ್ವೇ ಸಾಹೇಬರು ಭಾಳ ಮರ್ಯಾದಸ್ತರು ಎಂಬ ಮಾತು ಹಬ್ಬಿತು. ಮುಖ ತಿರುಗಿಸುತ್ತಿದ್ದ ಅರ್ಧ ಊರು ಕೂಡ ಮರಳಿ ನೋಡತೊಡಗಿತು. ಇದು ನನಗೆ ಹಿತವಾಗಿಯೇ ಇತ್ತೆಂದು ಹೇಳಬೇಕು.

ಆದರೆ ಒಂದು ದಿನ ಬದುವಿನ ಜಗಳವಿದ್ದ ಹೊಲಕ್ಕೆ ಅಳತೆಗೆಂದು ಹೋದೆ. ದಾರಿಯ ಈ ಬದಿಗೆ ಒಬ್ಬ ಕಕ್ಷಿದಾರ, ಆ ಬದಿಗೆ ಇನ್ನೊಬ್ಬ. ಸೈಕಲ್ಲು ನಿಂತಿದ್ದು ಆ ಬದಿಯವನ ಎದುರಿಗೆ. ಮೂತಿ ಬಾಗಿತು, ನಾನೂ ಬಾಗಿದೆ, ಅವನು ಕೈ ಮುಗಿದ. ಈ ಬದಿಯವನು ಅಳತೆ ಮುಗಿಯುವವರೆಗೆ ಸುಮ್ಮನಿದ್ದು, ಮರುದಿನ ಕಚೇರಿಗೆ ಬಂದು, ಅಳೆಯುವವರು ಮೊದಲೇ ಎದುರು ಪಾರ್ಟಿಗೆ ತಲೆಬಾಗಿದ್ದಾರೆ, ಇಂಥ ಅಳತೆ ತನಗೆ ಒಪ್ಪಿಗೆಯಿಲ್ಲ ಎಂದು ಮೇಲಧಿಕಾರಿಗಳ ಮುಂದೆ ಹೇಳಿದ. ಅವರು ನನ್ನನ್ನು ಕರೆಸಿ ಕೇಳಿದರು. ಬಾಗಿದ್ದು ನಾನಲ್ಲ, ಸೈಕಲ್ಲು ಎಂದೆ. ಅವರು ಕಿಟಕಿಯಿಂದ ಸೈಕಲ್ಲನ್ನು ನೋಡಿ, ಮರು ಅಳತೆಗೆ ಹೋಗುವಾಗ ಬಾಗದಂಥ ಸೈಕಲ್ಲಿನಲ್ಲಿ ಹೋಗಿ ಎಂದರು.

ಹೀಗೆ ನಾನು ಹೊಸ ಫೋರ್ಕು ಹುಡುಕುವಂತಾಯಿತು. ಊಟದ ಹೊತ್ತಿಗೂ ಮೊಬೈಲಿನಲ್ಲಿ ಫೋರ್ಕುಗಳ ವಿಡಿಯೋ ನೋಡತೊಡಗಿದೆ. ತಿಳಿದದ್ದೇನೆಂದರೆ, ಬಾಗಬಾರದು ಎಂದರೆ ಸ್ಪ್ರಿಂಗೇ ಇರಬಾರದು. ಸ್ಪ್ರಿಂಗಿಲ್ಲದ ಫೋರ್ಕಿನಲ್ಲಿ ಕಬ್ಬಿಣದ್ದು ಭಾರ, ಅಲ್ಯುಮಿನಿಯಂನದು ಕೈ ನಡುಗಿಸುತ್ತದೆ, ಕಾರ್ಬನ್ನಿನದು ಹಗುರ, ಗಟ್ಟಿ, ಜಲ್ಲಿಯ ನಡುಕವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಕಾರ್ಬನ್ನೇ ಸರಿ ಎಂದು ನಿರ್ಧರಿಸಿ ಮನೆಯಲ್ಲಿ ಹೇಳಿದೆ.

ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಅವಳು ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಟೀಚರು. ದಿನಾ ಟಂಟಂ ಆಟೋದಲ್ಲಿ ಹತ್ತು ಜನರ ನಡುವೆ ಒತ್ತಿಕೊಂಡು ಹೋಗಿ ಬರುತ್ತಾಳೆ. ಪಕ್ಕದ ಮನೆಯಲ್ಲಿ ನಮ್ಮ ಕಾಕಾ, ಅಪ್ಪನ ತಮ್ಮ, ಬಸ್ಸು ಓಡಿಸಿ ನಿವೃತ್ತರಾದವರು. ಕುಷ್ಟಗಿ, ಗಂಗಾವತಿ, ಯಲಬುರ್ಗಾ, ಕುಕನೂರು, ಎಲ್ಲ ರಸ್ತೆಯ ಗುಂಡಿಗಳೂ ಅವರಿಗೆ ಬಾಯಿಪಾಠ. ಗಾಲಿಯಿರುವ ಯಾವುದೇ ವಸ್ತುವಿನ ಬಗ್ಗೆ ಅವರನ್ನು ಕೇಳದೆ ನಿರ್ಧಾರ ಮಾಡುವ ರೂಢಿ ನಮ್ಮಲ್ಲಿ ಇಲ್ಲ.

"ಸ್ಪ್ರಿಂಗ್ ಇಲ್ಲದ ಗಾಡಿ ಅಂದ್ರ ಹ್ಯಾಂಗ ತಮ್ಮಾ?" ಎಂದರು ಕಾಕಾ. "ಎಷ್ಟು ವರ್ಷ ನಾ ಮಂದೀನ ಹೊತಗೊಂಡು ತಿರಗೀನಿ. ಸ್ಪ್ರಿಂಗಿನ ಪ್ಲೇಟು ಒಂದು ಮುರಿದ್ರ ಸಾಕು, ಹಿಂದಿನ ಸೀಟಿನವರು ಶಾಪ ಹಾಕತಿದ್ರು. ನೀ ಇದ್ದದ್ದನ್ನ ಬಿಚ್ಚಿ ಒಗದು, ಇಲ್ಲದ್ದನ್ನ ಹಾಕ್ಕೋತೀನಿ ಅಂತಿ."

ಕಾರ್ಬನ್ ಎಂದರೆ ಇದ್ದಲಿ ಅಲ್ಲವೇ ಎಂಬುದು ಅವರ ಎರಡನೆಯ ಪ್ರಶ್ನೆ. ನನ್ನ ಹೆಂಡತಿ, ಶಾಲೆಯಲ್ಲಿ ಹೇಳಿಕೊಡುವ ದನಿಯಲ್ಲೇ, ಇದ್ದಲಿಯೂ ಕಾರ್ಬನ್ನೇ, ವಜ್ರವೂ ಕಾರ್ಬನ್ನೇ ಎಂದಳು. ಕಾಕಾ ಯೋಚಿಸಿ, ಹಾಗಿದ್ದರೆ ವಜ್ರದ್ದನ್ನೇ ತರಿಸು, ಇದ್ದಲಿಯದು ಮಳೆಗಾಲದಲ್ಲಿ ತಡೆಯುವುದಿಲ್ಲ ಎಂದರು.

ಫೋರ್ಕು ಕಣ್ಣಿಂದ ನೋಡದೆ ಹೇಗೆ ಆರಿಸುವುದು ಎಂದು ನಾನು, ಕಾಕಾ ಇಬ್ಬರೂ ಕೊಪ್ಪಳಕ್ಕೆ ಹೋದೆವು. ಅಲ್ಲಿನ ಸೈಕಲ್ ಅಂಗಡಿಯವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಧೂಳು ಹಿಡಿದ ಕಪ್ಪು ಫೋರ್ಕೊಂದನ್ನು ತಂದು ಮೇಜಿನ ಮೇಲಿಟ್ಟ. ಹಾಲು ಮಾರುವವರ ಸೈಕಲ್ಲಿಗೆ ಹಾಕುವಂಥ ಕಬ್ಬಿಣದ ಫೋರ್ಕು. ಇದರಲ್ಲೂ ಸ್ಪ್ರಿಂಗ್ ಇಲ್ಲ ನೋಡಿ ಎಂದ. ನನಗೆ ಬೇಕಾಗಿರುವುದು ಅತ್ಯಾಧುನಿಕವಾದದ್ದು ಎಂದೆ.

"ನಿಮ್ಮ ಮುತ್ಯಾನ ಸೈಕಲ್ಲಿಗೂ ಸ್ಪ್ರಿಂಗ್ ಇರಲಿಲ್ರಿ," ಎಂದ ಅವನು, ವ್ಯಂಗ್ಯವೇನೂ ಇಲ್ಲದೆ. "ನಡುವ ಸ್ಪ್ರಿಂಗ್ ಬಂತು, ಮಂದಿ ರೊಕ್ಕ ಕೊಟ್ಟು ಹಾಕಿಸ್ಕೊಂಡ್ರು. ಈಗ ರೊಕ್ಕ ಕೊಟ್ಟು ತಗಿಸ್ಕೊಳಾಕ ಹತ್ಯಾರ. ಇನ್ನೊಂದಿಷ್ಟು ದಿನ ತಡೀರಿ, ಗಾಲಿನೂ ತಗೀರಿ ಅಂತಾರ."

ಕಾಕಾನಿಗೆ ಆ ಮನುಷ್ಯ ಬಹಳ ಹಿಡಿಸಿದ. ಇಬ್ಬರೂ ಚಹಾ ಕುಡಿಯುತ್ತ ಕೂತರು. ನಾನು ಅಂಗಡಿಯ ತುಂಬ ಕಣ್ಣಾಡಿಸಿದೆ. ಮೂಲೆಯಲ್ಲಿ ಸಣ್ಣ ಅಳತೆಯ ಅಲ್ಯುಮಿನಿಯಂ ಫ್ರೇಮೊಂದನ್ನು ಗೋಡೆಗೆ ಹೊಡೆದು, ಅದಕ್ಕೆ ಟ್ಯೂಬು, ಟೈರುಗಳನ್ನು ತೂಗುಹಾಕಿದ್ದರು. ಕಾರ್ಬನ್ ಎಂಬುದು ಎಲ್ಲೂ ಇರಲಿಲ್ಲ.

ಕೊನೆಗೆ ಆನ್‌ಲೈನಿನಲ್ಲೇ ತರಿಸುವುದೆಂದಾಯಿತು. ಅಲ್ಲಿ ನನ್ನ ಫ್ರೇಮಿಗೆ ಹೊಂದುವಂಥವು ಎರಡೇ ಸಿಕ್ಕವು. ಒಂದು ಉದ್ದ, ಒಂದು ಗಿಡ್ಡ. ಉದ್ದನೆಯದಕ್ಕೆ ಮಿರುಗುವ ಬಣ್ಣ. ಗಿಡ್ಡದ್ದು ಮಂಕು ಕಪ್ಪು, ಕಾಲಿನ ಮೇಲೊಂದು ಕೆಂಪು ಗೆರೆ. ಯಾವುದು ಎಂದು ತಿಳಿಯಬೇಕಾದರೆ ಹಳೆಯ ಫೋರ್ಕಿನ ಉದ್ದ ಅಳೆಯಬೇಕಿತ್ತು, ಅದೂ ಸವಾರ ಕೂತು, ಸ್ಪ್ರಿಂಗು ತುಸು ಕುಸಿದಾಗ ಉಳಿಯುವ ಉದ್ದವನ್ನು. ನನ್ನ ಸ್ಪ್ರಿಂಗು ತುಸು ಕುಸಿಯುವ ಪೈಕಿಯದಲ್ಲ. ನಾನು ಕೂತ ಕೂಡಲೇ ಅರ್ಧಕ್ಕರ್ಧ ಇಳಿಯುತ್ತಿತ್ತು. ಆದ್ದರಿಂದ, ಅದು ಆರೋಗ್ಯವಾಗಿದ್ದಾಗ ಎಷ್ಟು ಕುಸಿಯುತ್ತಿದ್ದಿರಬಹುದು ಎಂಬುದನ್ನು ನಾವು ಊಹಿಸಬೇಕಾಯಿತು.

ಆ ಭಾನುವಾರ ನಾನು ಸೈಕಲ್ಲಿನ ಮೇಲೆ ಕೂತೆ. ಕಾಕಾ ಎದುರು ನಿಂತು, ಹ್ಯಾಂಡಲನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿದು, ಸ್ಪ್ರಿಂಗಿನ ಕೆಲಸ ಮಾಡಿದರು. ಹೆಂಡತಿ ಬ್ಲೌಸಿನ ಅಳತೆಯ ಟೇಪು ಹಿಡಿದು ಗಾಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಕಾಕಾ ತಮ್ಮ ಅನುಭವದ ಮೇಲೆ, ಒಳ್ಳೆಯ ಸ್ಪ್ರಿಂಗು ಇಷ್ಟು ಕುಸಿಯುತ್ತದೆ ಎಂದು ಕೈ ಸ್ವಲ್ಪ ಸಡಿಲಿಸಿದರು. ಹೆಂಡತಿ, ಅದು ಬಸ್ಸಿನ ಸ್ಪ್ರಿಂಗು, ಸೈಕಲ್ಲಿನದು ಇನ್ನೂ ಕೆಳಗೆ ಹೋಗುತ್ತದೆ ಎಂದಳು. ಉಪವಾಸ ಕೂತರೆ ಒಂದು ಅಳತೆ ಬರುತ್ತದೆ, ಉಂಡು ಕೂತರೆ ಇನ್ನೊಂದು ಬರುತ್ತದೆ ಎಂದು ಕಾಕಾ ತಕರಾರು ತೆಗೆದರು. ನಾನು ಇಳಿದು, ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದು ಬಂದು ಮತ್ತೆ ಕೂತೆ. ಇನ್ನೊಂದು ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, ಸರ್ ಅವರ ಕಾಲಿಗೆ ಏನಾಗಿದೆ ಎಂದು ನನ್ನ ಹೆಂಡತಿಯನ್ನು ವಿಚಾರಿಸಿದಳು.

ನಾನು ಹೇಳಿದ ಅಳತೆಗೆ ಅಲ್ಲಿ ಯಾರೂ ಕಿವಿಗೊಡಲಿಲ್ಲ. ಕಾಕಾನ ಪ್ರಕಾರ ಉದ್ದನೆಯದು ಬೇಕು, ಡ್ರೈವರನಿಗೆ ಮುಂದಿನ ರಸ್ತೆ ಕಾಣಬೇಕಾದರೆ ಮೂತಿ ಎತ್ತರ ಇರಬೇಕು. ಹೆಂಡತಿಯ ಟೇಪಿನ ಪ್ರಕಾರ ಗಿಡ್ಡದ್ದು. ಟೇಪು ಅವಳ ಕೈಯಲ್ಲಿ ಇದ್ದುದರಿಂದ ಗಿಡ್ಡದ್ದನ್ನೇ ತರಿಸಿದೆ.

ಪಾರ್ಸೆಲ್ ಬಂದ ದಿನ ಮೂವರೂ ಸುತ್ತ ಕೂತು ಡಬ್ಬಿ ಒಡೆದೆವು. ಒಳಗೆ ಬೆತ್ತದಷ್ಟು ತೆಳ್ಳಗಿನ ಎರಡು ಕಪ್ಪು ಕೊಳವೆ, ತುದಿಗೆ ರಬ್ಬರಿನ ಟೋಪಿ ಹಾಕಿದ ಇನ್ನೊಂದು ಕೊಳವೆ, ಒಂದಿಷ್ಟು ಸ್ಕ್ರೂ, ಮತ್ತು ಚೀನೀ ಭಾಷೆಯ ಒಂದು ಹಾಳೆ. ಗಾಲಿ ಹಿಡಿಯುವ ಕವಲಿನ ಸುಳಿವಿಲ್ಲ.

ಆಗಲೇ ತಪ್ಪು ಮಾಲು ಬಂದಿದೆ ಎಂದು ತಿಳಿಯಬೇಕಿತ್ತು. ಆದರೆ ಅತ್ಯಾಧುನಿಕವಾದದ್ದು ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ. ಬಿಡಿಬಿಡಿಯಾಗಿ ಬಂದಿರಬೇಕು, ಜೋಡಿಸಿಕೊಳ್ಳಬೇಕು ಎಂದುಕೊಂಡೆ. ಆ ಕೊಳವೆಗಳನ್ನು ಹೀಗೆ ಹಿಡಿದು, ಹಾಗೆ ಹಿಡಿದು, ಗಾಲಿಯ ಎರಡು ಬದಿಗೆ ಇಟ್ಟು, ಮಧ್ಯಾಹ್ನವೆಲ್ಲ ಕಳೆದೆ. ರಬ್ಬರಿನ ಟೋಪಿ ಯಾಕೆಂದು ಕಾಕಾ ಕೇಳಿದಾಗ, ಏಟು ನುಂಗಿಕೊಳ್ಳುವುದಕ್ಕೆ ಎಂದೆ. ಅವರು ಒಂದು ಕೊಳವೆ ಎತ್ತಿಕೊಂಡು ಹಿತ್ತಲಿಗೆ ಹೋಗಿ, ತುದಿಗೆ ಕುಡುಗೋಲು ಕಟ್ಟಿ ನುಗ್ಗೆಕಾಯಿ ಕೊಯ್ದುಕೊಂಡು ಬಂದರು. ಇಂಥ ಹಗುರ ಕೋಲು ಜೀವಮಾನದಲ್ಲಿ ಹಿಡಿದಿಲ್ಲ ಎಂದರು. ಅಂದಿನ ಸಾರು ನುಗ್ಗೆಕಾಯಿಯದೇ ಆಯಿತು.

ಡಬ್ಬಿಯ ಮೇಲಿನ ಚೀಟಿಯನ್ನು ಓದಿದವಳು ನನ್ನ ಹೆಂಡತಿ. ಮೇಲೆ ನಮ್ಮ ವಿಳಾಸದ ಚೀಟಿ ಇತ್ತು, ಅದರ ಅಡಿಯಲ್ಲಿ ಇನ್ನೊಂದು ಚೀಟಿ. ಶ್ರೀರಾಮನಗರದ ವಿಳಾಸ. ಎರಡು ಪಾರ್ಸೆಲ್ಲಿನ ಮೇಲೂ ಕಾರ್ಬನ್ ಎಂದು ಬರೆದಿತ್ತಂತೆ. ಗಂಗಾವತಿಯಲ್ಲಿ ಇಳಿಸುವಾಗ ಅದಲುಬದಲಾಗಿದೆ ಎಂದು ಪಾರ್ಸೆಲ್ಲಿನವರು ಫೋನಿನಲ್ಲಿ ಒಪ್ಪಿಕೊಂಡು, ವಾಪಸು ತರಿಸಿ ಬದಲಿಸುವುದಕ್ಕೆ ಸಮಯ ಹಿಡಿಯುತ್ತದೆ ಎಂದರು. ಮರು ಅಳತೆಯ ದಿನ ಹತ್ತಿರ ಬರುತ್ತಿತ್ತು. ನಾನು ರಜೆ ಹಾಕಿ, ಕೊಳವೆಗಳನ್ನು ಒರೆಸಿ ಕಟ್ಟಿಕೊಂಡು ಗಂಗಾವತಿ ಬಸ್ಸು ಹತ್ತಿದೆ. ಕಾಕಾ ಕೂಡ ಬಂದರು. ಗಂಗಾವತಿಯವರೆಗೂ ಅವರು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು, ಪ್ರತಿ ಗುಂಡಿಗೂ ಮುಂಚೆ ಗಂಟಲು ಸರಿಮಾಡಿಕೊಂಡು ಅವನನ್ನು ಎಚ್ಚರಿಸುತ್ತಿದ್ದರು.

ಶ್ರೀರಾಮನಗರದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು. ನಮ್ಮ ಕಡೆಯ ಎರೆಹೊಲ, ಸಜ್ಜೆಯ ತೆನೆ ನೋಡಿದ ಕಣ್ಣಿಗೆ ಅಷ್ಟೊಂದು ಹಸಿರು ಸ್ವಲ್ಪ ಅತಿಯೇ ಎನಿಸುತ್ತದೆ. ಚೀಟಿಯಲ್ಲಿದ್ದ ಮನೆ ಸಿಕ್ಕಿತು. ಬಾಗಿಲು ಪೂರ್ತಿ ತೆರೆದಿತ್ತು, ಹೊಸ್ತಿಲಿನ ಮೇಲೆ ಬಹಳ ವಯಸ್ಸಾದ ಅಜ್ಜಿಯೊಬ್ಬಳು ಕೂತಿದ್ದಳು. ಮನೆಯವರು ಎಲ್ಲಿ ಎಂದು ಕೇಳಿದೆ. ಗದ್ದೆಗೆ ಹೋಗಿದ್ದಾರೆ ಎಂದಳು. ದಾರಿ ತೋರಿಸಲು ಎರಡು ಹೆಜ್ಜೆ ಬರುತ್ತೀಯಾ ಎಂದು ಕಾಕಾ ಕೇಳಿದರು.

"ನಾ ಮನಿ ಬಿಟ್ಟು ಬರೂಹಂಗಿಲ್ಲಪ್ಪಾ," ಎಂದಳು ಅಜ್ಜಿ. "ಬೀಗ ಗದ್ದಿಗೆ ಹೋಗೈತಿ."

ವಯಸ್ಸಾದವರ ಮಾತು ಎಂದು ನಾವು ಹೆಚ್ಚು ಕೆದಕಲಿಲ್ಲ. ಕಾಲುವೆಯ ಏರಿಯ ಮೇಲೆ ನಡೆದೆವು.

ಗದ್ದೆಯ ಬದುವಿನ ಮೇಲೆ ಒಬ್ಬ ರೈತ, ಅಜ್ಜಿಯ ಮಗನಿರಬೇಕು, ಟವೆಲ್ ತಲೆಗೆ ಸುತ್ತಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಮೂಗಿಗೆ ಮಾಸ್ಕು ಹಾಕಿಕೊಂಡು, ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ಮೇಲೆ ನೋಡುತ್ತಿದ್ದಳು. ಭತ್ತದ ಮೇಲೆ ಔಷಧಿ ಹೊಡೆಯುವ ಡ್ರೋನು ಗುಂಯ್ ಎನ್ನುತ್ತ ಹೋಗಿ ಬರುತ್ತಿತ್ತು. ಅದು ನಮ್ಮ ಕಡೆ ತಿರುಗಿದಾಗ ನಾನು ನಿಂತಲ್ಲೇ ನಿಂತೆ. ಅದರ ಒಂದು ಬದಿಯ ಕಾಲು, ಮಂಕು ಕಪ್ಪು ಬಣ್ಣದ್ದು, ಕೆಂಪು ಗೆರೆಯದು. ಎಷ್ಟೋ ವಾರ ಮೊಬೈಲಿನಲ್ಲಿ ಎಳೆದೆಳೆದು ದೊಡ್ಡದು ಮಾಡಿ ನೋಡಿದ ನನ್ನ ಫೋರ್ಕು ಆಕಾಶದಲ್ಲಿ ಹೋಗುತ್ತಿತ್ತು. ಇನ್ನೊಂದು ಬದಿಯ ಕಾಲಿಗೆ, ತೂಕ ಸಮವಾಗಲಿ ಎಂದು, ಮನೆಬಾಗಿಲಿನ ಬೀಗವೊಂದನ್ನು ತಂತಿಯಿಂದ ಬಿಗಿದಿದ್ದರು.

"ಅದು ನಂದ್ರಿ," ಎಂದೆ ರೈತನಿಗೆ, ಮೇಲೆ ತೋರಿಸಿ.

ಅವನು ಡ್ರೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇಲ್ಲ ಅದು ತಮ್ಮದು, ಸೊಸೆ ತರಬೇತಿ ಪಡೆದು ತಂದದ್ದು ಎಂದು ವಿನಯದಿಂದ ಹೇಳಿದ. ನಾನು ಕೊಳವೆಗಳ ಕಟ್ಟು ಬಿಚ್ಚಿ ತೋರಿಸಿದ ಮೇಲೆ ಅವನಿಗೆ ಅರ್ಥವಾಯಿತು. ಅವನು ಸೊಸೆಯ ಹತ್ತಿರ ಹೋಗಿ ಏನೋ ಹೇಳಿದ. ಅವಳು ನಮ್ಮ ಕಡೆ ತಿರುಗಲಿಲ್ಲ.

"ಇಳಸಾಕ ಬರಂಗಿಲ್ರಿ ಸರ್," ಎಂದಳು ಕಣ್ಣು ಮೇಲೆಯೇ ಇಟ್ಟು. "ಭತ್ತಕ್ಕ ಬೆಂಕಿರೋಗ ಬಂದೈತಿ. ಗಾಳಿ ಎದ್ದರ ಔಷಧಿ ಹೊಡಿಯೂಹಂಗಿಲ್ಲ. ಈ ಗದ್ದಿ ಮುಗೀಲಿ, ಬಿಚ್ಚಿ ಕೊಡ್ತೀನಿ."

ನಾವು ಬದುವಿನ ಮೇಲೆ ಕೂತೆವು. ರೈತ ಮಜ್ಜಿಗೆ ಕೊಟ್ಟ. ಅವನ ಮಾತಿನಿಂದ ತಿಳಿದದ್ದು ಇಷ್ಟು: ಡ್ರೋನು ಹಿಂದೊಮ್ಮೆ ತೆಂಗಿನ ಮರಕ್ಕೆ ತಾಗಿ ಒಂದು ಬದಿಯ ಕಾಲು ಮುರಿದುಕೊಂಡಿತ್ತು. ಹೊಸ ಕಾಲು ತರಿಸಿದರು. ಬಂದ ಡಬ್ಬಿಯಲ್ಲಿ ಇದು ಇತ್ತು. ಕಂಪನಿಯವರು ಹೊಸ ಮಾದರಿ ಕಳಿಸಿರಬೇಕು ಎಂದುಕೊಂಡರು. ಫೋರ್ಕಿನ ಎರಡು ಕಾಲುಗಳ ತುದಿಯಲ್ಲಿ, ಗಾಲಿಯ ನಡುಕಡ್ಡಿ ಹೋಗುವ ತೂತುಗಳಿರುತ್ತವಲ್ಲ, ಅಲ್ಲಿ ನೆಲಕ್ಕೆ ಊರುವ ಡ್ರೋನಿನ ಹಳೆಯ ಅಡ್ಡಕೊಳವೆ ಸರಿಯಾಗಿ ಹಾಯ್ದು ಕೂತಿತಂತೆ. ಹಾಗೆ ಕೂತ ಮೇಲೆ ಅವರಿಗೆ ಅನುಮಾನವೇ ಉಳಿಯಲಿಲ್ಲ. ನಾನು ಕುಷ್ಟಗಿಯಲ್ಲಿ ಅವರ ಕೊಳವೆಗಳನ್ನು ಗಾಲಿಗೆ ಹಚ್ಚಿ ನೋಡುತ್ತಿದ್ದ ಹೊತ್ತಿಗೆ ಅವರು ನನ್ನದನ್ನು ಹಾರಿಸಿಯೂ ಆಗಿತ್ತು.

ಗದ್ದೆ ಮುಗಿಯಿತು. ಡ್ರೋನು ಬಂದು, ಬದುವಿನ ಮೇಲೆ ಅವಳು ಹಾಸಿದ್ದ ಗೋಣಿಚೀಲದ ನಡುಮಧ್ಯಕ್ಕೆ ಇಳಿಯಿತು. ಕಾಕಾ ಎದ್ದು ಹೋಗಿ ಅದರ ಸುತ್ತ ಒಂದು ಸುತ್ತು ಬಂದರು.

"ಇಳಸೂದು ಛಲೋ ಇಳಸಿದಿ ತಂಗಿ," ಎಂದರು. "ಇದಕ್ಕ ಸ್ಪ್ರಿಂಗ್ ಎಲ್ಲಿ ಐತಿ?"

"ಸ್ಪ್ರಿಂಗ್ ಇಲ್ರಿ ಅಜ್ಜಾರ."

"ಔಷಧಿ ತುಂಬಿದಾಗ ಇಳಸಿದ್ರೂ ಹಿಂಗ ಇಳೀತೈತಿ?"

"ಹೂಂನ್ರಿ. ಅಲಗಾಡೂದಿಲ್ಲ. ಮೊದಲಿನ ಕಾಲಿಗಿಂತ ಇದ ಛಲೋ."

ಕಾಕಾ ಕೂತು ಫೋರ್ಕನ್ನು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿದರು.

ಅವಳು ಪಾನಾ ತಂದು ಒಂದೊಂದೇ ಬೋಲ್ಟು ಬಿಚ್ಚಿ, ಹಳೆಯ ಬಟ್ಟೆಯಿಂದ ಔಷಧಿಯ ಹನಿ ಒರೆಸಿ, ಫೋರ್ಕನ್ನು ನನ್ನ ಕೈಗಿಟ್ಟಳು. ತೂಕವೇ ಇರಲಿಲ್ಲ ಅದಕ್ಕೆ. ಆಮೇಲೆ ಮೇಲ್ಭಾಗ ನೋಡಿದೆ. ಫ್ರೇಮಿನ ಮುಂದಿನ ಕೊಳವೆಯೊಳಗೆ ತೂರಿ ಹ್ಯಾಂಡಲಿಗೆ ಸೇರಬೇಕಾದ ಉದ್ದನೆಯ ಕೊರಳು ಅಲ್ಲಿರಲಿಲ್ಲ. ಮೋಟು ಕೊರಳಿತ್ತು.

"ಮ್ಯಾಲಿನ ಕೊಳವಿ ಔಷಧಿ ಟಾಕಿಗೆ ತಾಗತಿತ್ರಿ," ಎಂದಳು ಅವಳು. "ಕೊಯ್ದೆ. ನೀರು ಹನಿಸ್ಕೊಂತ, ಮಾಸ್ಕ್ ಹಾಕ್ಕೊಂಡು ಕೊಯ್ದೀನ್ರಿ, ಸೊಟ್ಟ ಆಗಿಲ್ಲ ನೋಡ್ರಿ."

ಸೊಟ್ಟ ಆಗಿರಲಿಲ್ಲ. ನಾನೇ ಕೊಯ್ದಿದ್ದರೂ ಅಷ್ಟು ನೇರವಾಗಿ ಬರುತ್ತಿರಲಿಲ್ಲ. ಆದರೆ ನನ್ನ ಫ್ರೇಮಿಗೆ ಅದು ಎರಡು ಬೆರಳು ಗಿಡ್ಡ, ಟೇಪು ಹಿಡಿಯದೆಯೇ ತಿಳಿಯಿತು. ಆದರೂ ಟೇಪು ಹಿಡಿದೆ. ಎರಡು ಸಲ ಹಿಡಿದೆ. ಕಾರ್ಬನ್ನನ್ನು ಕೊಯ್ಯಬಹುದು, ಬೆಸೆಯಲಾಗುವುದಿಲ್ಲ. ನನ್ನ ಮುಖ ನೋಡಿ ಅವಳಿಗೂ ಅರ್ಥವಾಯಿತು. ಅವಳು ಮಾಸ್ಕು ತೆಗೆದು, ಕೊಯ್ದ ತುಂಡು ಮನೆಯಲ್ಲಿಯೇ ಇದೆ ಎಂದಳು, ಅದನ್ನು ಕೊಟ್ಟರೆ ಏನಾದರೂ ಆದೀತು ಎಂಬಂತೆ.

ಮನೆಗೆ ಹೋದೆವು. ಆ ತುಂಡು ದೇವರ ಗೂಡಿನಲ್ಲಿತ್ತು. ಅಜ್ಜಿ ಅದರಲ್ಲಿ ಅಕ್ಕಿ ತುಂಬಿ ಊದಿನಕಡ್ಡಿ ಚುಚ್ಚಿದ್ದಳು. ಸೊಸೆ ಅದನ್ನು ತೆಗೆಯಲು ಹೋದಾಗ ನಾನು ಬೇಡವೆಂದೆ. ಅಜ್ಜಿಗೆ ಬೀಗ ವಾಪಸು ಸಿಕ್ಕಿತು. ಅವಳು ಅದನ್ನು ಬಾಗಿಲಿಗೆ ಜಡಿದು, ಜಗ್ಗಿ ನೋಡಿ, ಎಷ್ಟೋ ದಿನದಿಂದ ಹೋಗಬೇಕೆಂದಿದ್ದ ಪಕ್ಕದ ಓಣಿಗೆ ಹೊರಟೇಹೋದಳು. ಮನೆಯ ಉಳಿದವರೂ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಅವಳು ಬರುವವರೆಗೆ ಕಾದೆವು, ಏಕೆಂದರೆ ನನ್ನ ಚೀಲ ಒಳಗಿತ್ತು.

ಬರುವಾಗ ಬಸ್ಸಿನಲ್ಲಿ ಫೋರ್ಕು ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ಕೂತವನು ಇದೇನು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಕಾಕಾ, ವಿಮಾನದ ಕಾಲು ಎಂದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಬ್ಲೌಸಿನ ಟೇಪು ತಂದಳು, ಫೋರ್ಕಿನ ಮೋಟು ಕೊರಳು ಅಳೆದಳು, ಸೈಕಲ್ಲಿನ ಮುಂದಿನ ಕೊಳವೆ ಅಳೆದಳು.

"ಕೊಳವಿ ಗಿಡ್ಡ ಆಗಿಲ್ರಿ," ಎಂದಳು. "ನಿಮ್ಮ ಸೈಕಲ್ ಎತ್ತರ ಐತಿ. ಗಿಡ್ಡಂದೊಂದು ಸೈಕಲ್ ಇದ್ರ ಇದು ಬರೋಬ್ಬರಿ ಕೂಡ್ತೈತಿ."

ಗಿಡ್ಡ ಸೈಕಲ್ಲು ಯಾರಿಗೆ ಎಂದು ನಾನು ಕೇಳಿದೆ. ಅವಳು ಟೇಪು ಸುತ್ತಿದಳು. ನನ್ನ ಭುಜದವರೆಗೆ ಬರುವ ಹೆಂಗಸು ಅವಳು. ಟಂಟಂನ ಒತ್ತಾಟದಿಂದ ಬಂದು ದಿನಾ ಸಂಜೆ ಮೊಣಕಾಲು ನೀವಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ, ಅದಕ್ಕೂ ಫೋರ್ಕಿಗೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಕೊಪ್ಪಳದ ಅಂಗಡಿಯ ಗೋಡೆಯ ಮೇಲಿನ ಫ್ರೇಮನ್ನು ಮೊದಲು ನೆನಪಿಸಿದವರು ಕಾಕಾ. ಅಂಗಡಿಯವನು ಮೊದಲು ಒಪ್ಪಲಿಲ್ಲ. ಟೈರು ಎಲ್ಲಿ ತೂಗುಹಾಕಲಿ ಎಂದ. ಕಾಕಾ ಮನೆಯಿಂದ ನೇಗಿಲಿನ ಹಳೆಯ ಈಸು, ಉದ್ದನೆಯ ಮರವೊಂದನ್ನು ಒಯ್ದು ಗೋಡೆಗೆ ಹೊಡೆಸಿಕೊಟ್ಟ ಮೇಲೆ ಫ್ರೇಮು ಇಳಿಯಿತು. ಫೋರ್ಕು ಅದರೊಳಗೆ ಹೋಗಿ ನಿಂತಾಗ ಮೇಲೆ ಉಳಿದ ಕೊರಳು ಹ್ಯಾಂಡಲಿಗೆ ಸಾಕಷ್ಟೇ ಇತ್ತು. ಅಂಗಡಿಯವನು ಬೆರಳಿನಿಂದ ಎತ್ತಿ ನೋಡಿ, ಇದು ಬಿಟ್ಟರೆ ಹಾರಿಹೋಗುತ್ತದೇನೋ ಎಂದ. ಹಾರಿ ಬಂದದ್ದೇ ಎಂದರು ಕಾಕಾ. ಅವನು ತಮಾಷೆಯೆಂದುಕೊಂಡ.

ನನ್ನ ಸೈಕಲ್ಲಿನ ಕಥೆ ಬೇರೆಯಾಯಿತು. ಇನ್ನೊಂದು ಫೋರ್ಕು ತರಿಸುವುದಕ್ಕೆ ಮನೆಯಲ್ಲಿ ಯಾರೂ ಉತ್ಸಾಹ ತೋರಲಿಲ್ಲ. ಕಾಕಾ ಯಲಬುರ್ಗಾದಲ್ಲಿದ್ದ ತಮ್ಮ ಕಾಲದ ಬಸ್ ಮೆಕ್ಯಾನಿಕ್ ಗೆಳೆಯನಲ್ಲಿಗೆ ಸೈಕಲ್ಲನ್ನು ಒಯ್ದರು. ಆತ ಸತ್ತ ಸ್ಪ್ರಿಂಗನ್ನು ಹೊರಗೆಳೆದು, ಎರಡೂ ಕಾಲಿನೊಳಗೆ ಕಬ್ಬಿಣದ ಸರಳು ತುಂಬಿ, ಮೇಲಿಂದ ಬಿಗಿದುಕೊಟ್ಟ. ಅದು ಬಾಗುವುದಿಲ್ಲ. ಅದನ್ನು ಹೊತ್ತು ಹೊಸ್ತಿಲು ದಾಟಿಸುವುದಕ್ಕೆ ಇಬ್ಬರು ಬೇಕು. ಮರು ಅಳತೆಗೆ ಅದರ ಮೇಲೆಯೇ ಹೋದೆ. ಎರಡೂ ಕಕ್ಷಿದಾರರ ನಡುವೆ, ದಾರಿಯ ಮಧ್ಯದಲ್ಲಿ, ನೆಟ್ಟಗೆ ನಿಂತೆ. ಬದು ಮೊದಲು ಹೇಳಿದ ಜಾಗದಲ್ಲೇ ಬಂತು. ಈ ಸಲ ಇಬ್ಬರೂ ಒಪ್ಪಲಿಲ್ಲ.

ಹೆಂಡತಿ ಚೂಡಿದಾರ ಹಾಕಿಕೊಂಡು ಶಾಲೆಗೆ ಸೈಕಲ್ಲಿನ ಮೇಲೆ ಹೋಗತೊಡಗಿದಳು. ಮೊದಲ ವಾರ ಕಾಕಾ ಮೊಪೆಡ್ಡಿನಲ್ಲಿ ಅವಳ ಹಿಂದೆ ಹಿಂದೆ ಹೋಗಿ, ಮುಂದಿನ ಗಾಲಿಯನ್ನೇ ನೋಡುತ್ತಿದ್ದರು. ಆಮೇಲೆ ಬಿಟ್ಟರು. ಜಲ್ಲಿ ಹಾಕಿದ ಆ ರಸ್ತೆಯಲ್ಲಿ ಕೈ ನೋಯುವುದಿಲ್ಲವೇ ಎಂದು ನಾನು ಕೇಳಿದರೆ, ಟಂಟಂನಲ್ಲಿ ನೋಯುತ್ತಿದ್ದುದನ್ನು ಯಾರೂ ಕೇಳಿರಲಿಲ್ಲ ಎಂದಳು.

ಭತ್ತದ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಶ್ರೀರಾಮನಗರದ ಮಾವ, ಸೊಸೆ ಇಬ್ಬರೂ ಹೊಸ ಅಕ್ಕಿಯ ಚೀಲ ತೆಗೆದುಕೊಂಡು ನಮ್ಮ ಮನೆಗೆ ಬಂದರು. ಮಾವ, ಕಾಕಾ ಇಬ್ಬರೂ ಕಾಲುವೆ ನೀರಿನ ಮಾತಿಗೆ ಕೂತರು. ಸೊಸೆ ಸೀದಾ ಸೈಕಲ್ಲಿನ ಹತ್ತಿರ ಹೋಗಿ, ಕೆಂಪು ಗೆರೆಯ ಮೇಲೆ ಕೈಯಾಡಿಸಿ, ತಾನು ಕೊಯ್ದ ತುದಿ ಹ್ಯಾಂಡಲಿನಲ್ಲಿ ಹೇಗೆ ಕೂತಿದೆ ಎಂದು ಬಾಗಿ ನೋಡಿದಳು. ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ಲು ಮುಟ್ಟಿಲ್ಲ ಎಂದಳು. ನನ್ನ ಹೆಂಡತಿ ಒಳಗೆ ಹೋಗಿ ತನ್ನ ಇನ್ನೊಂದು ಚೂಡಿದಾರ ತಂದುಕೊಟ್ಟಳು.

ಸೊಸೆ ಓಣಿಯಲ್ಲಿ ಎರಡು ಸಲ ಕಾಲೂರಿದಳು. ಮೂರನೆಯ ಸಲ ಊರಲಿಲ್ಲ. ಗೇಟಿನಿಂದ ನೋಡುತ್ತಿದ್ದಂತೆ ಓಣಿ ದಾಟಿ, ಬೇವಿನ ಮರ ದಾಟಿ, ಹೊಲದ ಕಡೆಯ ಜಲ್ಲಿ ರಸ್ತೆಗೆ ತಿರುಗಿದಳು. ಸ್ವಲ್ಪ ಹೊತ್ತು ಧೂಳು ಕಾಣಿಸಿತು, ಆಮೇಲೆ ಅದೂ ಇಲ್ಲ. ನಾನು ಚಹಾ ತಂದಿಟ್ಟೆ, ಅದು ಆರಿತು. ಮಾವ ಎದ್ದು ಬಂದು, ಆ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಹೋದಷ್ಟೂ ಹೋಗುತ್ತದೆ ಎಂದರು ಕಾಕಾ. ನಾನು ನನ್ನ ಸೈಕಲ್ಲು ಹೊರಗೆ ತೆಗೆಯಲೆಂದು ಹೊರಟೆ.

ನನ್ನ ಹೆಂಡತಿ ಬಿಸಿಲಿಗೆ ಕೈ ಅಡ್ಡ ಹಿಡಿದು, ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. "ಇರ್ಲಿ ಬಿಡ್ರಿ. ತಿರುಗಿ ಬರಲಿ."